ಎಂಸಿಜಿಯ ಶಾಪ ಯಾರು ಕೊಟ್ಟಿದ್ದು?

ಬ್ರಿಸ್ಬೇನ್ ಲಯನ್ಸ್ ತಂಡಕ್ಕೆ ಮೆಲ್ಬರ್ನ್ ಕ್ರಿಕೆಟ್ ಮೈದಾನದಲ್ಲಿ (ಎಂಸಿಜಿ) ಗೆಲ್ಲಲು ಬರುವುದಿಲ್ಲ ಎನ್ನುವ ಮಾತು ಕ್ವೀನ್ಸ್‌ಲ್ಯಾಂಡ್‌ನಲ್ಲಿ ಎಷ್ಟು ಬೇರುಬಿಟ್ಟಿತ್ತೆಂದರೆ, ಫೂಟಿ, ಅಂದರೆ ಆಸ್ಟ್ರೇಲಿಯನ್ ಫುಟ್‌ಬಾಲ್, ನೋಡದವರಿಗೂ ಅದು ಬಾಯಿಪಾಠ ಆಗಿತ್ತು. 2014ರಲ್ಲಿ ಅಲ್ಲಿ ಒಂದು ಪಂದ್ಯ ಗೆದ್ದಿದ್ದರು. ಮುಂದಿನ ಗೆಲುವು ಸಿಕ್ಕಿದ್ದು 2022ರ ಸೆಪ್ಟೆಂಬರ್‌ನಲ್ಲಿ. ಈಗ ನೋಡಿದರೆ ಅದೇ ತಂಡ, ಅದೇ ಎಂಸಿಜಿಯಲ್ಲಿ, 2024 ಮತ್ತು 2025ರಲ್ಲಿ ಸಾಲಾಗಿ ಎರಡು ಕಪ್ ಎತ್ತಿದೆ. ಮೈದಾನ ಅಲ್ಲೇ ಇದೆ, ಒಂದು ಇಂಚೂ ಸರಿದಿಲ್ಲ. ಹಾಗಾದರೆ ಎಂಟು ವರ್ಷ ನಾವೆಲ್ಲ ಮಾತಾಡಿದ್ದು ಯಾವುದರ ಬಗ್ಗೆ?

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಹೊರಗಿನ ಮೈದಾನದಲ್ಲಿ ಒಂದು ತಂಡದ ದಾಖಲೆ ಎಂದು ನಾವು ಯಾವುದನ್ನು ಕರೆಯುತ್ತೇವೋ, ಅದರಲ್ಲಿ ಮುಕ್ಕಾಲು ಪಾಲು ವೇಳಾಪಟ್ಟಿ ಬರೆದವರ ಕೈವಾಡ. ಉಳಿದ ಕಾಲು ಭಾಗಕ್ಕೆ ನಾವು ಶಾಪ, ಗ್ರಹಚಾರ, ಮನೋಬಲ ಎಂದೆಲ್ಲ ಹೆಸರಿಡುತ್ತೇವೆ. ಬ್ರಿಸ್ಬೇನ್‌ಗೆ ಬಂದು ಇವರ ಆಟ ನೋಡಲು ಶುರು ಮಾಡಿದ ಮೇಲೆ ನನಗೆ ಇದು ಖಾತ್ರಿಯಾಯಿತು. ನಮ್ಮ ಆರ್‌ಸಿಬಿಯ ಕಥೆಯನ್ನೂ, ಚೆನ್ನೈನ ಚೆಪಾಕ್ ಮೈದಾನದಲ್ಲಿ ಗೆಲ್ಲದ ಆ ಕಥೆಯನ್ನೂ, ಈಗ ಬೇರೆ ಥರ ನೋಡುತ್ತೇನೆ.

ಆಟ ಗೊತ್ತಿಲ್ಲದವರಿಗೆ ನಾಲ್ಕು ಮಾತು. ಆಸ್ಟ್ರೇಲಿಯನ್ ರೂಲ್ಸ್ ಫುಟ್‌ಬಾಲ್ ನಡೆಯುವುದು ಹೆಚ್ಚಾಗಿ ಕ್ರಿಕೆಟ್ ಮೈದಾನದಲ್ಲೇ. ಒಂದೊಂದು ಕಡೆ 18 ಜನ. ಚೆಂಡು ಮೊಟ್ಟೆಯ ಆಕಾರದ್ದು. ಹಿಡಿಯಬಹುದು, ಒದೆಯಬಹುದು, ಮುಷ್ಟಿಯಲ್ಲಿ ಗುದ್ದಿ ಜೊತೆಗಾರನಿಗೆ ಕೊಡಬಹುದು, ಎಸೆಯುವ ಹಾಗಿಲ್ಲ. ಎರಡೂ ತುದಿಯಲ್ಲಿ ನಾಲ್ಕು ನಾಲ್ಕು ಕಂಬ. ನಡುವಿನ ಎರಡು ಎತ್ತರದ ಕಂಬಗಳ ಮಧ್ಯೆ ಒದ್ದರೆ 6 ಅಂಕ, ಪಕ್ಕದ ಸಂದಿಯಲ್ಲಿ ಹೋದರೆ 1 ಅಂಕ. ಈ ಆಟದ ದೊಡ್ಡ ಲೀಗ್ ಆದ ಎಎಫ್ಎಲ್‌ನಲ್ಲಿ 18 ತಂಡಗಳಿವೆ. ಅದರಲ್ಲಿ 10 ವಿಕ್ಟೋರಿಯಾ ರಾಜ್ಯದವು, ಜಿಲಾಂಗ್ ಒಂದನ್ನು ಬಿಟ್ಟರೆ ಉಳಿದ ಒಂಬತ್ತೂ ಮೆಲ್ಬರ್ನ್ ನಗರದವೇ. ಲೀಗ್ ಮುಗಿದ ಮೇಲೆ ಸೆಪ್ಟೆಂಬರ್‌ನಲ್ಲಿ ಮೇಲಿನ ಸ್ಥಾನದ ತಂಡಗಳ ನಡುವೆ ನಡೆಯುವ ಪಂದ್ಯಗಳಿಗೆಲ್ಲ ಇಲ್ಲಿ ಫೈನಲ್ಸ್ ಎನ್ನುತ್ತಾರೆ. ಪಟ್ಟಿಯ ಮೊದಲ ನಾಲ್ಕು ತಂಡಗಳಿಗೆ ಮೊದಲ ಪಂದ್ಯ ಸೋತರೂ ಇನ್ನೊಂದು ಅವಕಾಶ ಇರುತ್ತದೆ. ಕಪ್ ತೀರ್ಮಾನ ಆಗುವ ಕೊನೆಯ ಪಂದ್ಯ ಗ್ರ್ಯಾಂಡ್ ಫೈನಲ್. ಅದು ನಡೆಯುವುದು ಎಂಸಿಜಿಯಲ್ಲಿ. ಯಾರು ಗೆದ್ದು ಬಂದಿರಲಿ, ಎಲ್ಲಿಂದ ಬಂದಿರಲಿ, ಎಂಸಿಜಿಯಲ್ಲೇ.

ಈಗ ಆ ಎಂಟು ವರ್ಷವನ್ನು ಬಿಡಿಸಿ ನೋಡೋಣ. ಎಂಟು ವರ್ಷ ಎಂದರೆ ಕಿವಿಗೆ ಭಾರಿಯಾಗಿ ಕೇಳಿಸುತ್ತದೆ. ಆದರೆ ಲಯನ್ಸ್‌ಗೆ ಎಂಸಿಜಿಯಲ್ಲಿ ಸಿಗುತ್ತಿದ್ದುದು ವರ್ಷಕ್ಕೆ ಒಂದೋ ಎರಡೋ ಪಂದ್ಯ. ಕಾರಣ ಸರಳ. ಎಂಸಿಜಿಗೆ ಒಂದು ಲಕ್ಷ ಜನ ಹಿಡಿಸುತ್ತಾರೆ. ಕ್ವೀನ್ಸ್‌ಲ್ಯಾಂಡ್‌ನಿಂದ ಸೋಲುವ ತಂಡವೊಂದು ಬಂದರೆ ಅಷ್ಟು ಜನ ಸೇರುವುದಿಲ್ಲ. ಹಾಗಾಗಿ ಮೆಲ್ಬರ್ನ್‌ನ ಚಿಕ್ಕ ಕ್ಲಬ್‌ಗಳು ಅವರನ್ನು ಡಾಕ್‌ಲ್ಯಾಂಡ್ಸ್‌ನ ಸಣ್ಣ ಸ್ಟೇಡಿಯಂನಲ್ಲೋ ಬೇರೆಲ್ಲೋ ಆಡಿಸುತ್ತವೆ. ಕಾಲಿಂಗ್‌ವುಡ್, ರಿಚ್ಮಂಡ್, ಹಾಥಾರ್ನ್, ಮೆಲ್ಬರ್ನ್ ತಂಡಗಳು ಎಂಸಿಜಿಯನ್ನೇ ಮನೆ ಮಾಡಿಕೊಂಡಿವೆ. ಲಯನ್ಸ್ ಅಲ್ಲಿಗೆ ಹೋಗಬೇಕೆಂದರೆ ಹೆಚ್ಚಾಗಿ ಈ ನಾಲ್ಕರಲ್ಲಿ ಒಂದು ಕರೆಯಬೇಕು. ಆ ವರ್ಷಗಳಲ್ಲಿ ರಿಚ್ಮಂಡ್, ಮೆಲ್ಬರ್ನ್ ಎರಡೂ ಕಪ್ ಗೆಲ್ಲುವ ಮಟ್ಟದ ತಂಡಗಳು. ಅಂದರೆ ಲಯನ್ಸ್ ಅಲ್ಲಿಗೆ ಹೋಗುತ್ತಿದ್ದುದೇ ಕಮ್ಮಿ, ಹೋದಾಗ ಎದುರಿಗೆ ಇರುತ್ತಿದ್ದವರು ಜೋರು.

ಇನ್ನೊಂದು ವಿಷಯವನ್ನೂ ಯಾರೂ ಹೇಳುವುದಿಲ್ಲ. ಆ ಅವಧಿಯ ಮೊದಲರ್ಧದಲ್ಲಿ ಲಯನ್ಸ್ ಎಲ್ಲ ಕಡೆಯೂ ಸೋಲುತ್ತಿದ್ದರು. 2017ರಲ್ಲಿ ಪಟ್ಟಿಯ ಕಟ್ಟಕಡೆಯ ಸ್ಥಾನ. ಆ ವರ್ಷವೇ ಕ್ರಿಸ್ ಫೇಗನ್ ಕೋಚ್ ಆಗಿ ಬಂದಿದ್ದರು, ತಂಡದಲ್ಲಿ ಇದ್ದವರೆಲ್ಲ ಎಳೆ ಹುಡುಗರು. ಅಂಥ ತಂಡ ಅಡಿಲೇಡ್‌ನಲ್ಲಿ ಸೋತರೆ ಅದು ಸುಮ್ನೆ ಒಂದು ಸೋಲು, ಎಂಸಿಜಿಯಲ್ಲಿ ಸೋತರೆ ಮಾತ್ರ ಶಾಪದ ಲೆಕ್ಕಕ್ಕೆ ಸೇರುತ್ತಿತ್ತು.

ಮೈದಾನ ದೊಡ್ಡದು, ಅಗಲ ಜಾಸ್ತಿ, ನಮ್ಮ ಹುಡುಗರಿಗೆ ಒಗ್ಗುವುದಿಲ್ಲ ಎನ್ನುವ ವಾದವೂ ಇತ್ತು. ನಮ್ಮ ಆಫೀಸಿನಲ್ಲಿ ಊಟದ ಹೊತ್ತಿಗೆ ಇದನ್ನು ಎಷ್ಟು ಸಲ ಕೇಳಿದ್ದೇನೋ. ಕ್ರಿಕೆಟ್‌ಗಾದರೆ ಪಿಚ್‌ನ ಉದ್ದ ಎಲ್ಲೆಲ್ಲೂ ಒಂದೇ. ಫೂಟಿಯಲ್ಲಿ ಮೈದಾನದ ಅಳತೆಗೆ ನಿಯಮವೇ ಸಡಿಲ. ಉದ್ದ 135ರಿಂದ 185 ಮೀಟರ್, ಅಗಲ 110ರಿಂದ 155 ಮೀಟರ್ ಒಳಗೆ ಎಷ್ಟಾದರೂ ಇರಬಹುದು. ಆದ್ದರಿಂದ ಅಳತೆಯ ವಾದದಲ್ಲಿ ಹುರುಳಿಲ್ಲ ಎನ್ನುವಂತಿಲ್ಲ. ಆದರೆ ಲಯನ್ಸ್ ವಿಷಯದಲ್ಲಿ ಅದು ನಿಲ್ಲುವುದಿಲ್ಲ. ಎಂಸಿಜಿಯಲ್ಲಿ ಆಟದ ಜಾಗ ಸುಮಾರು 160 ಮೀಟರ್ ಉದ್ದ, 141 ಅಗಲ. ಬ್ರಿಸ್ಬೇನ್‌ನ ನಮ್ಮ ಮೈದಾನ ಗಾಬಾ ಸುಮಾರು 156 ಉದ್ದ, 138 ಅಗಲ. ನಾಲ್ಕು ಹೆಜ್ಜೆಯ ವ್ಯತ್ಯಾಸ! ಇದಕ್ಕೆ ಎಂಟು ವರ್ಷ ಯಾರಾದರೂ ಸೋಲುತ್ತಾರಾ?

ಅಳತೆಯ ಏಟು ನಿಜವಾಗಿ ತಿನ್ನಬೇಕಾದರೆ ಜಿಲಾಂಗ್‌ಗೆ ಹೋಗಬೇಕು. ಮೆಲ್ಬರ್ನ್‌ನಿಂದ ಸುಮಾರು 75 ಕಿಲೋಮೀಟರ್. ಅಲ್ಲಿನ ಕಾರ್ಡೀನಿಯಾ ಪಾರ್ಕ್ ಸುಮಾರು 170 ಮೀಟರ್ ಉದ್ದ, ಅಗಲ ಬರೀ 115. ಬದಿಗೆ ಜಾಗವೇ ಇಲ್ಲ. ಬೇರೆ ಕಡೆ ಅಂಚಿನಲ್ಲಿ ಓಡಿ ತಪ್ಪಿಸಿಕೊಳ್ಳುವ ಆಟಗಾರ ಇಲ್ಲಿ ಮೂರು ಹೆಜ್ಜೆಗೆ ಗೆರೆ ದಾಟಿಬಿಡುತ್ತಾನೆ. ಜಿಲಾಂಗ್ ಹುಡುಗರಿಗೆ ಅದು ಬೆಳೆದ ಅಂಗಳ. 2007ರಿಂದ 2011ರವರೆಗೆ ಅವರು ಅಲ್ಲಿ ಸತತ 29 ಪಂದ್ಯ ಗೆದ್ದರು. ಅದನ್ನು ಮುರಿದದ್ದು ಸಿಡ್ನಿ ಸ್ವಾನ್ಸ್, 2011ರ ಆಗಸ್ಟ್ ಕೊನೆಯಲ್ಲಿ. ಆದರೆ ತಮಾಷೆ ಏನು ಗೊತ್ತಾ? ಕಾಲಿಂಗ್‌ವುಡ್‌ನಂಥ ದೊಡ್ಡ ತಂಡ 1999ರ ನಂತರ ಅಲ್ಲಿಗೆ ಲೀಗ್ ಪಂದ್ಯಕ್ಕೆ ಹೋಗುವುದನ್ನೇ ಬಿಟ್ಟಿತು. ಜಿಲಾಂಗ್ ಆತಿಥೇಯ ಆದರೂ ಪಂದ್ಯ ನಡೆಯುವುದು ಎಂಸಿಜಿಯಲ್ಲಿ, ಯಾಕೆಂದರೆ ಟಿಕೆಟ್ ಜಾಸ್ತಿ ಹೋಗುತ್ತದೆ. ಕಷ್ಟದ ಊರಿಗೆ ಹೋಗದೇ ಇದ್ದರೆ ಅಲ್ಲಿ ಕೆಟ್ಟ ದಾಖಲೆಯೂ ಇರುವುದಿಲ್ಲ, ಅಲ್ವಾ?

ಲಯನ್ಸ್ ಕಥೆಗೆ ವಾಪಸ್ ಬರುತ್ತೇನೆ. ಎಂಸಿಜಿ ಶಾಪದ ಬಗ್ಗೆ ಎಲ್ಲರೂ ಮಾತಾಡುತ್ತಿದ್ದ ಹೊತ್ತಿನಲ್ಲಿ ತಂಡ ನಿಜವಾಗಿ ಎಡವುತ್ತಿದ್ದುದು ಮನೆಯಲ್ಲಿ. 2019ರಲ್ಲಿ ಪಟ್ಟಿಯಲ್ಲಿ ಎರಡನೇ ಸ್ಥಾನ. ಗಾಬಾದಲ್ಲೇ ಎರಡು ಫೈನಲ್ಸ್ ಸಿಕ್ಕವು, ಎರಡೂ ಹೋದವು. ರಿಚ್ಮಂಡ್ ಕೈಯಲ್ಲಿ 47 ಅಂಕದಿಂದ, ಗ್ರೇಟರ್ ವೆಸ್ಟರ್ನ್ ಸಿಡ್ನಿ ಕೈಯಲ್ಲಿ 3 ಅಂಕದಿಂದ. 2020ರಲ್ಲಿ ಕೊರೋನಾ ಬಂತು, ಮೆಲ್ಬರ್ನ್ ಬಾಗಿಲು ಹಾಕಿತು. ಗ್ರ್ಯಾಂಡ್ ಫೈನಲ್ ಮೊದಲ ಬಾರಿಗೆ ವಿಕ್ಟೋರಿಯಾ ಬಿಟ್ಟು ಹೊರಗೆ ಬಂತು, ಬಂದದ್ದು ನಮ್ಮ ಗಾಬಾಗೇ. ಇನ್ನೇನು ಬೇಕು? ದೇವರು ಮನೆ ಬಾಗಿಲಿಗೆ ಬಂದಿದ್ದ. ಆದರೆ ಹಿಂದಿನ ವಾರ, ಅದೇ ಗಾಬಾದಲ್ಲಿ, ಜಿಲಾಂಗ್ ವಿರುದ್ಧ ಲಯನ್ಸ್ 40 ಅಂಕದಿಂದ ಸೋತರು. ತಮ್ಮ ಮೈದಾನದ ಗ್ರ್ಯಾಂಡ್ ಫೈನಲ್‌ನಲ್ಲಿ ರಿಚ್ಮಂಡ್ ಕಪ್ ಎತ್ತಿದ್ದನ್ನು ಟಿವಿಯಲ್ಲಿ ನೋಡಿದರು. 2021ರಲ್ಲಿ ಮತ್ತೆ ಗಾಬಾ, ವೆಸ್ಟರ್ನ್ ಬುಲ್‌ಡಾಗ್ಸ್ ವಿರುದ್ಧ ಒಂದೇ ಒಂದು ಅಂಕದ ಸೋಲು.

ಮೂರು ವರ್ಷದಲ್ಲಿ ಮನೆಯಲ್ಲೇ ನಾಲ್ಕು ಫೈನಲ್ಸ್ ಕಳೆದುಕೊಂಡ ತಂಡಕ್ಕೆ ಎಂಸಿಜಿಯ ಭಯ ಎಂದರೆ ಹೇಗೆ? ಗಾಬಾ ಶಾಪ ಎಂದು ಯಾರೂ ಅನ್ನಲಿಲ್ಲ. ಮನೆಯ ಸೋಲಿಗೆ ನಾವು ಆಟಗಾರರನ್ನು ಬಯ್ಯುತ್ತೇವೆ, ಹೊರಗಿನ ಸೋಲಿಗೆ ಊರನ್ನು. ಇದು ಬ್ರಿಸ್ಬೇನ್‌ನಲ್ಲೂ ಹಾಗೇ, ಬೆಂಗಳೂರಿನಲ್ಲೂ ಹಾಗೇ. ನಮ್ಮ ರಣಜಿಯನ್ನೇ ತೆಗೆದುಕೊಳ್ಳಿ. 1974ರಲ್ಲಿ ಕರ್ನಾಟಕ ಮೊದಲ ಸಲ ಟ್ರೋಫಿ ಗೆದ್ದದ್ದು ಜೈಪುರಕ್ಕೆ ಹೋಗಿ, ರಾಜಸ್ಥಾನದ ಎದುರು. 2010ರ ಜನವರಿಯಲ್ಲಿ ಫೈನಲ್ ಮೈಸೂರಿಗೇ ಬಂತು. ಗಂಗೋತ್ರಿ ಮೈದಾನದ ಸುತ್ತ ಜನವೋ ಜನ. ಮುಂಬೈ ಎದುರು 6 ರನ್‌ನಿಂದ ಸೋತೆವು.

2022ರಲ್ಲಿ ಆ ಗಂಟು ಬಿಚ್ಚಿದ ಬಗೆ ನನಗೆ ತುಂಬಾ ಇಷ್ಟ. ಜೂನ್‌ನಲ್ಲಿ ಎಂಸಿಜಿಯಲ್ಲಿ ಮೆಲ್ಬರ್ನ್ ತಂಡ ಲಯನ್ಸ್‌ನ್ನು 64 ಅಂಕದಿಂದ ಹೊಡೆದು ಹಾಕಿತ್ತು. ಲೀಗ್‌ನ ಕೊನೆಯ ಪಂದ್ಯದಲ್ಲಿ ಗಾಬಾಗೇ ಬಂದು 58 ಅಂಕದಿಂದ ಮತ್ತೆ ಹೊಡೆಯಿತು. ಮೂರು ವಾರ ಬಿಟ್ಟು ಎಂಸಿಜಿಯಲ್ಲಿ ಸೆಮಿಫೈನಲ್, ಅದೇ ಮೆಲ್ಬರ್ನ್, ಹಿಂದಿನ ವರ್ಷದ ಚಾಂಪಿಯನ್ನರು. ಬ್ರಿಸ್ಬೇನ್‌ನ ಎಷ್ಟೋ ಜನ ಅವತ್ತು ಟಿವಿ ಹಾಕಲಿಲ್ಲ. ಲಯನ್ಸ್ ಹಿಂದೆ ಬಿದ್ದು, ಎದ್ದು, 92–79ರಲ್ಲಿ ಗೆದ್ದರು. ಶಾಪ ಮುಗಿಯಿತು ಎಂದು ಪತ್ರಿಕೆಗಳು ಬರೆದವು. ಒಂದೇ ವಾರದಲ್ಲಿ, ಗ್ರ್ಯಾಂಡ್ ಫೈನಲ್‌ಗೆ ಮುಂಚಿನ ಪಂದ್ಯದಲ್ಲಿ, ಅದೇ ಎಂಸಿಜಿಯಲ್ಲಿ ಜಿಲಾಂಗ್ ಎದುರು 71 ಅಂಕದ ಸೋಲು ಬಂತು. ಪಾಪ, ಬರೆದವರು ಏನು ಮಾಡಬೇಕು?

2023ರಲ್ಲಿ ಗಾಬಾದಲ್ಲಿ ಅವರು ಒಂದು ಪಂದ್ಯವನ್ನೂ ಸೋಲಲಿಲ್ಲ. ಎಂಸಿಜಿಯಲ್ಲಿ ಮಾತ್ರ ಜುಲೈನಲ್ಲಿ ಮೆಲ್ಬರ್ನ್ ಎದುರು 1 ಅಂಕದಿಂದ, ಗ್ರ್ಯಾಂಡ್ ಫೈನಲ್‌ನಲ್ಲಿ ಕಾಲಿಂಗ್‌ವುಡ್ ಎದುರು 4 ಅಂಕದಿಂದ ಸೋತರು. ಕಾಗದದ ಮೇಲೆ ಇವೆರಡೂ ಕೆಟ್ಟ ದಾಖಲೆಗೇ ಸೇರುತ್ತವೆ. ಆದರೆ 64 ಅಂಕದ ಸೋಲು, 4 ಅಂಕದ ಸೋಲು ಒಂದೇನಾ? ಗೆದ್ದರಾ ಸೋತರಾ ಎಂದಷ್ಟೇ ಎಣಿಸುವವರಿಗೆ ತಂಡ ಹತ್ತಿರ ಬರುತ್ತಿರುವುದು ಕಾಣಲೇ ಇಲ್ಲ. 2024ರಲ್ಲಿ ಐದನೇ ಸ್ಥಾನದಲ್ಲಿದ್ದು, ಸಿಡ್ನಿಯಲ್ಲಿ 44 ಅಂಕ ಹಿಂದೆ ಬಿದ್ದು 5 ಅಂಕದಿಂದ ಗೆದ್ದು, ಎಂಸಿಜಿಯಲ್ಲಿ ಜಿಲಾಂಗ್‌ನ್ನು 10 ಅಂಕದಿಂದ ಸೋಲಿಸಿ, ಮುಂದಿನ ಶನಿವಾರ ಸಿಡ್ನಿ ಸ್ವಾನ್ಸ್‌ನ್ನು 60 ಅಂಕದಿಂದ ಮುಗಿಸಿದರು. ಫೇಗನ್‌ಗೆ ಆಗ 63 ವರ್ಷ, ಕಪ್ ಗೆದ್ದ ಅತಿ ಹಿರಿಯ ಕೋಚ್.

2025ರದ್ದು ಇನ್ನೂ ಚೆನ್ನಾಗಿದೆ. ಸೆಪ್ಟೆಂಬರ್ ಮೊದಲ ವಾರ ಎಂಸಿಜಿಯಲ್ಲಿ ಜಿಲಾಂಗ್ ಎದುರು 38 ಅಂಕದ ಸೋಲು. ತಿಂಗಳ ಕೊನೆಯ ಶನಿವಾರ ಅದೇ ಎರಡು ತಂಡ, ಅದೇ ಮೈದಾನ, ಗ್ರ್ಯಾಂಡ್ ಫೈನಲ್. ಈ ಸಲ ಲಯನ್ಸ್ 47 ಅಂಕದಿಂದ ಗೆದ್ದರು. ಮೂರು ವಾರದಲ್ಲಿ 85 ಅಂಕದ ಅದಲುಬದಲು. ವಿಲ್ ಆ್ಯಶ್‌ಕ್ರಾಫ್ಟ್ ಎಂಬ ಎಳೆಯ ಹುಡುಗ ಸತತ ಎರಡನೇ ವರ್ಷ ಪಂದ್ಯಶ್ರೇಷ್ಠನಾಗಿ ನಾರ್ಮ್ ಸ್ಮಿತ್ ಪದಕ ತೆಗೆದುಕೊಂಡ. ಈ ಹುಡುಗರಿಗೆ ಎಂಸಿಜಿ ಎಂದರೆ ಕಪ್ ಗೆದ್ದ ಜಾಗ, ಅಷ್ಟೇ. 2017ರಲ್ಲಿ ಅವರು ಇನ್ನೂ ಶಾಲೆಯಲ್ಲಿದ್ದರು. ಹಳೆಯ ದಾಖಲೆ ಅವರದ್ದಲ್ಲ.

ಈಗ ಚೆಪಾಕ್. ನನ್ನ ಅಕ್ಕನ ಮಗ ಬೆಂಗಳೂರಿನಲ್ಲಿದ್ದಾನೆ, ಆರ್‌ಸಿಬಿ ಹುಚ್ಚ. 2025ರ ಮಾರ್ಚ್ 28ರ ರಾತ್ರಿ, ನಮ್ಮ ಕಡೆ ಬೆಳಗಿನ ಜಾವ, ಫೋನ್ ಮಾಡಿದ. "ಮಾವ, ಚೆಪಾಕ್‌ನಲ್ಲಿ ಗೆದ್ವಿ! ಹದಿನೇಳು ವರ್ಷ ಆದ್ಮೇಲೆ!" ಎಂದು ಕೂಗುತ್ತಿದ್ದ. ನಿಜ, 2008ರ ನಂತರ ಚೆನ್ನೈ ಸೂಪರ್ ಕಿಂಗ್ಸ್‌ನ್ನು ಅದರ ಮನೆಯಲ್ಲಿ ಸೋಲಿಸಿದ್ದು ಅದೇ ಮೊದಲು, 50 ರನ್‌ನಿಂದ. ನಾನು ಅವನ ಸಂತೋಷಕ್ಕೆ ಕಲ್ಲು ಹಾಕಲಿಲ್ಲ. ಆದರೆ ಹದಿನೇಳು ವರ್ಷದಲ್ಲಿ ಅಲ್ಲಿ ಚೆನ್ನೈ ಎದುರು ಎಷ್ಟು ಪಂದ್ಯ ಆಡಿದ್ದೇವೆ ಎಂದು ಕೂತು ನೋಡಿದರೆ ಹತ್ತೂ ಆಗುವುದಿಲ್ಲ. 2009ರಲ್ಲಿ ಟೂರ್ನಿಯೇ ದಕ್ಷಿಣ ಆಫ್ರಿಕಾಕ್ಕೆ ಹೋಯಿತು. 2014ರಲ್ಲಿ ಚೆನ್ನೈನವರು ರಾಂಚಿಯಲ್ಲಿ ಆಡಿದರು. 2016, 2017ರಲ್ಲಿ ಆ ತಂಡಕ್ಕೇ ನಿಷೇಧ. 2018ರಲ್ಲಿ ಕಾವೇರಿ ಗಲಾಟೆ ಎದ್ದು ಅವರ ಪಂದ್ಯಗಳು ಪುಣೆಗೆ ಹೋದವು. ಆಮೇಲೆ ಕೊರೋನಾ, ದುಬೈ, ಮುಂಬೈ. ಹದಿನೇಳು ವರ್ಷದ ಶಾಪದಲ್ಲಿ ಅರ್ಧ ವರ್ಷಗಳು ನಾವು ಚೆನ್ನೈಗೆ ರೈಲೇ ಹತ್ತಿರಲಿಲ್ಲ.

ಅದೇ ವರ್ಷ ಆರ್‌ಸಿಬಿ ವಾಂಖೆಡೆಯಲ್ಲೂ 2015ರ ನಂತರ ಮೊದಲ ಸಲ ಮುಂಬೈಯನ್ನು ಸೋಲಿಸಿತು. ಲೀಗ್ ಹಂತದಲ್ಲಿ ಹೊರಗಿನ ಏಳಕ್ಕೆ ಏಳೂ ಪಂದ್ಯ ಗೆದ್ದಿತು. ಐಪಿಎಲ್‌ನಲ್ಲಿ ಅದುವರೆಗೆ ಯಾವ ತಂಡವೂ ಹಾಗೆ ಮಾಡಿರಲಿಲ್ಲ. ಮನೆಯಲ್ಲಿ? ಚಿನ್ನಸ್ವಾಮಿಯಲ್ಲಿ ಮೊದಲ ಮೂರೂ ಸೋಲು. ಜೂನ್ 3ರಂದು ಕಪ್ ಎತ್ತಿದ್ದು ಅಹಮದಾಬಾದ್‌ನಲ್ಲಿ, ಪಂಜಾಬ್ ಎದುರು 6 ರನ್‌ನಿಂದ. ಹೊರಗೆ ಹೋದರೆ ನಡುಗುವ ತಂಡ ಎಂದು ನಾವು ನಾವೇ ಕಟ್ಟಿಕೊಂಡಿದ್ದ ಕಥೆ ಒಂದೇ ಬೇಸಿಗೆಯಲ್ಲಿ ಮಗುಚಿಬಿತ್ತು.

ಎರಡು ಊರಿನ ರೀತಿಯಲ್ಲಿ ನನಗೆ ಕಂಡ ವ್ಯತ್ಯಾಸ ಇಲ್ಲಿದೆ. ಬೆಂಗಳೂರಿನಲ್ಲಿ ಸೋತರೆ ನಾವು ಹಣೆಬರಹದ ಮೇಲೆ ಹಾಕಿ, ಈ ಸಲ ಕಪ್ ನಮ್ದೇ ಎಂದು ಮತ್ತೆ ಎದ್ದು ಕೂರುತ್ತೇವೆ. ಆ ಪ್ರೀತಿಗೆ ನಾನು ಒಂದು ಮಾತೂ ಅನ್ನುವುದಿಲ್ಲ, ಹದಿನೆಂಟು ವರ್ಷ ಹಾಗೆ ಕಾಯುವ ಜನ ಎಲ್ಲಿ ಸಿಗುತ್ತಾರೆ? ಇಲ್ಲಿ ಬ್ರಿಸ್ಬೇನ್‌ನಲ್ಲೂ ಶಾಪದ ಮಾತು ಇದೆ, ಆದರೆ ಅದರ ಪಕ್ಕದಲ್ಲೇ ಜಗಳ ಇದೆ. ಎಂಸಿಜಿಯಲ್ಲಿ ನಮಗೆ ಎಷ್ಟು ಪಂದ್ಯ ಕೊಟ್ಟಿರಿ? ವಿಮಾನದಲ್ಲಿ ಎಷ್ಟು ಸಲ ಓಡಾಡಿಸಿದಿರಿ? ವಿಶ್ರಾಂತಿಗೆ ಎಷ್ಟು ದಿನ ಬಿಟ್ಟಿರಿ? ವೇಳಾಪಟ್ಟಿ ಬಂದ ದಿನ ರೇಡಿಯೋದಲ್ಲಿ ಇದೇ ಚರ್ಚೆ. ಪರ್ತ್‌ನ ತಂಡಗಳಂತೂ ಮೆಲ್ಬರ್ನ್‌ಗೆ ಹೋಗಲು ಪ್ರತಿ ಸಲ 2,700 ಕಿಲೋಮೀಟರ್ ಹಾರಬೇಕು, ಅವರ ಕೂಗು ಇನ್ನೂ ಜೋರು. ನಮ್ಮಲ್ಲಿ ವೇಳಾಪಟ್ಟಿಯನ್ನು ಮಳೆಯ ಹಾಗೆ ನೋಡುತ್ತೇವೆ. ಬಂತು, ಬಂತು.

ಹಾಗಂತ ಇವರು ನ್ಯಾಯವಂತರು ಎಂದು ತಿಳಿಯಬೇಡಿ. ಗ್ರ್ಯಾಂಡ್ ಫೈನಲ್‌ನ್ನು ಎಂಸಿಜಿಯಲ್ಲೇ ನಡೆಸಬೇಕು ಎಂದು ಕರಾರು ಇದೆ, 2059ರವರೆಗೆ. ಪರ್ತ್ ತಂಡ ಪಟ್ಟಿಯಲ್ಲಿ ಮೊದಲು ಬಂದರೂ, ಎದುರಿಗೆ ಮೆಲ್ಬರ್ನ್ ತಂಡವೇ ಇದ್ದರೂ, ಅವರ ಮನೆಯಲ್ಲೇ ಹೋಗಿ ಆಡಬೇಕು. 2004ರಲ್ಲಿ ಇದು ಇನ್ನೂ ವಿಪರೀತಕ್ಕೆ ಹೋಗಿತ್ತು. ಆಗಿನ ಕರಾರಿನ ಪ್ರಕಾರ ಗ್ರ್ಯಾಂಡ್ ಫೈನಲ್‌ಗೆ ಹಿಂದಿನ ವಾರದ ಎರಡು ಪ್ರಿಲಿಮಿನರಿ ಫೈನಲ್‌ಗಳಲ್ಲಿ ಒಂದು ಎಂಸಿಜಿಯಲ್ಲಿ ನಡೆಯಲೇಬೇಕಿತ್ತು. ಆ ವರ್ಷ ಮನೆಯಲ್ಲಿ ಆಡುವ ಹಕ್ಕು ಗಳಿಸಿದ್ದು ಪೋರ್ಟ್ ಅಡಿಲೇಡ್ ಮತ್ತು ಬ್ರಿಸ್ಬೇನ್, ಇಬ್ಬರೂ ಹೊರಗಿನವರು. ಮೇಲಿದ್ದ ಪೋರ್ಟ್ ಮನೆಯಲ್ಲಿ ಆಡಿತು. ಮೂರು ವರ್ಷ ಸತತ ಕಪ್ ಗೆದ್ದಿದ್ದ ಬ್ರಿಸ್ಬೇನ್ ತನ್ನ ತವರಿನ ಪಂದ್ಯಕ್ಕೆ ಮೆಲ್ಬರ್ನ್‌ಗೆ ಹೋಗಬೇಕಾಯಿತು, ಅದೂ ವಿಕ್ಟೋರಿಯಾದ ಜಿಲಾಂಗ್ ಎದುರು. 9 ಅಂಕದಿಂದ ಗೆದ್ದರು. ಮುಂದಿನ ವಾರ ಪೋರ್ಟ್ ಎದುರು 40 ಅಂಕದಿಂದ ಸೋತರು. ಹಳೆಯ ಲಯನ್ಸ್ ಅಭಿಮಾನಿಗಳ ಮುಂದೆ 2004 ಎಂದು ಅಂದು ನೋಡಿ, ಅರ್ಧ ಗಂಟೆ ನಿಮಗೆ ಬಿಡುಗಡೆ ಇಲ್ಲ. ಗಲಾಟೆ ಎಷ್ಟಾಯಿತೆಂದರೆ ಆ ಷರತ್ತನ್ನು ಆಮೇಲೆ ಸಡಿಲ ಮಾಡಿದರು.

ಆದರೂ ನನಗೆ ಯಾವುದು ವಾಸಿ ಎಂದು ಕೇಳಿದರೆ, ಮೊದಲೇ ಬರೆದಿಟ್ಟ ಅನ್ಯಾಯ ವಾಸಿ ಎನ್ನುತ್ತೇನೆ. 2025ರ ಐಪಿಎಲ್ ನೋಡಿ. ಗಡಿಯಲ್ಲಿ ಗಲಾಟೆ ಆಗಿ ಟೂರ್ನಿ ವಾರ ನಿಂತಿತು, ಅದು ಸರಿ. ಮತ್ತೆ ಶುರುವಾದಾಗ ಕೋಲ್ಕತ್ತದಲ್ಲಿ ನಡೆಯಬೇಕಿದ್ದ ಫೈನಲ್ ಅಹಮದಾಬಾದ್‌ಗೆ ಹೋಯಿತು. ಹೈದರಾಬಾದ್‌ನ ಪ್ಲೇಆಫ್ ಮುಲ್ಲನ್‌ಪುರಕ್ಕೆ. ಬೆಂಗಳೂರಿನಲ್ಲಿ ಮಳೆ ಎಂದು ಆರ್‌ಸಿಬಿಯ ತವರಿನ ಪಂದ್ಯ ಲಖನೌಗೆ. ಕಾರಣ ಇರಬಹುದು. ಆದರೆ ಆಟಗಾರನಿಗೆ ನಾಳೆ ಯಾವ ಮಣ್ಣಿನ ಮೇಲೆ ಆಡುತ್ತೇನೆ ಎಂಬುದೇ ಗೊತ್ತಿಲ್ಲದಿದ್ದರೆ ತಯಾರಿ ಎಲ್ಲಿಂದ ಮಾಡುವುದು? ಅದೇ ವರ್ಷ ಮಾರ್ಚ್‌ನಲ್ಲಿ ಬ್ರಿಸ್ಬೇನ್‌ಗೆ ಆಲ್ಫ್ರೆಡ್ ಚಂಡಮಾರುತ ಬಂತು. ಚಾಂಪಿಯನ್ನರ ಮೊದಲ ಪಂದ್ಯ ಗಾಬಾದಲ್ಲಿ ಇತ್ತು. ಮೆಲ್ಬರ್ನ್‌ಗೆ ಎತ್ತಿಕೊಂಡು ಹೋಗಲಿಲ್ಲ, ದಿನ ಮುಂದೆ ಹಾಕಿದರು. ಗ್ರ್ಯಾಂಡ್ ಫೈನಲ್ ಎಂಸಿಜಿಯಲ್ಲೇ ಎಂದು ಗೊತ್ತಿದ್ದರೆ ಅದಕ್ಕೆ ತಕ್ಕ ತಂಡ ಕಟ್ಟಬಹುದು. ಲಯನ್ಸ್ ಮಾಡಿದ್ದು ಅದನ್ನೇ.

ಗ್ಯಾಲರಿಯ ವಿಷಯಕ್ಕೆ ಬಂದರೆ ಮಾತ್ರ ನಾನು ಕಣ್ಣು ಮುಚ್ಚಿ ಇವರ ಕಡೆ. ಎಂಸಿಜಿಯಲ್ಲಿ ಎರಡೂ ತಂಡದವರು ಒಟ್ಟಿಗೆ ಕೂರುತ್ತಾರೆ. ಬೇಲಿ ಇಲ್ಲ, ನಡುವೆ ಪೊಲೀಸರ ಸಾಲು ಇಲ್ಲ. ರಿಚ್ಮಂಡ್ ಅಥವಾ ಜೋಲಿಮಾಂಟ್ ಸ್ಟೇಷನ್‌ನಲ್ಲಿ ರೈಲು ಇಳಿದು ಪಾರ್ಕಿನ ಮಧ್ಯೆ ನಡೆದುಕೊಂಡು ಹೋಗುವಾಗಲೇ ಬಣ್ಣ ಬಣ್ಣದ ಸ್ಕಾರ್ಫ್‌ಗಳು ಕಲಸಿಹೋಗಿರುತ್ತವೆ. ಮನೆಯ ತಿಂಡಿ ಒಳಗೆ ತೆಗೆದುಕೊಂಡು ಹೋಗಬಹುದು. ಗಾಜು, ಕ್ಯಾನ್, ಹೆಂಡ ಬೇಡ, ಅಷ್ಟೇ. ಜಿಲಾಂಗ್ ಎದುರಿನ ಒಂದು ಪಂದ್ಯದ ದಿನ ಹೆಂಡತಿ ಕಟ್ಟಿಕೊಟ್ಟ ಚಿತ್ರಾನ್ನದ ಡಬ್ಬಿಯನ್ನು ಬಾಗಿಲಲ್ಲಿ ಒಬ್ಬ ಹುಡುಗ ಮುಚ್ಚಳ ತೆಗೆಸಿ ನೋಡಿದ, "ಪರಿಮಳ ಚೆನ್ನಾಗಿದೆ" ಎಂದು ಒಳಗೆ ಬಿಟ್ಟ. ನಮ್ಮೂರ ಮೈದಾನಗಳಲ್ಲಿ ಮಗುವಿನ ನೀರಿನ ಬಾಟಲಿಯನ್ನೂ ಹೊರಗೆ ಎಸೆಸಿ, ಒಳಗೆ ದುಪ್ಪಟ್ಟು ದುಡ್ಡಿಗೆ ಮಾರುವುದನ್ನು ನೋಡಿ ಬೆಳೆದವನು ನಾನು.

ಅವತ್ತು ನನ್ನ ಪಕ್ಕದಲ್ಲಿ ಕೂತಿದ್ದವರು ಎಪ್ಪತ್ತು ದಾಟಿದ ಒಬ್ಬ ಅಜ್ಜಿ. ಕುತ್ತಿಗೆಯಲ್ಲಿ ಬಣ್ಣ ಮಾಸಿದ ಫಿಟ್ಜ್‌ರಾಯ್ ಸ್ಕಾರ್ಫ್. ಫಿಟ್ಜ್‌ರಾಯ್ ಎಂಬುದು ಮೆಲ್ಬರ್ನ್‌ನ ಹಳೆಯ ಕ್ಲಬ್, 1897ರಲ್ಲಿ ಲೀಗ್ ಹುಟ್ಟಿದಾಗಿನಿಂದ ಇದ್ದದ್ದು. ದುಡ್ಡಿಲ್ಲದೆ ಸೊರಗಿ 1996ರ ಕೊನೆಗೆ ಬ್ರಿಸ್ಬೇನ್ ಬೇರ್ಸ್ ಜೊತೆ ಸೇರಿಕೊಂಡಿತು. ಲಯನ್ಸ್ ಹುಟ್ಟಿದ್ದು ಹಾಗೆ. ಕ್ಲಬ್ ಗೀತೆಯನ್ನು ಇವತ್ತಿಗೂ ಫಿಟ್ಜ್‌ರಾಯ್‌ನ ಹಳೆಯ ಧಾಟಿಯಲ್ಲೇ ಹಾಡುತ್ತಾರೆ, ಅದು ಫ್ರಾನ್ಸಿನ ರಾಷ್ಟ್ರಗೀತೆಯ ಧಾಟಿ. ಅಜ್ಜಿ ಬ್ರಿಸ್ಬೇನ್‌ಗೆ ಒಂದು ಸಲವೂ ಬಂದಿಲ್ಲವಂತೆ. "ನೀವೆಲ್ಲ ಹೊರಗಿನಿಂದ ಬಂದವರು, ನಾನು ಮನೆಯಲ್ಲೇ ಇದ್ದೇನೆ" ಎಂದು ನಕ್ಕರು. ನನ್ನ ಡಬ್ಬಿಯಿಂದ ಎರಡು ಚಮಚ ಚಿತ್ರಾನ್ನ ತಿಂದರು, ಮೆಣಸಿನಕಾಯಿ ಮಾತ್ರ ಪಕ್ಕಕ್ಕಿಟ್ಟರು. ಮುಂದಿನ ಸಾಲಿನ ಜಿಲಾಂಗ್ ಹುಡುಗರು ಅಂಪೈರನ್ನು ಬಯ್ಯುತ್ತಿದ್ದರು, ಅಜ್ಜಿ ಅವರಿಗಿಂತ ಜೋರಾಗಿ ಬಯ್ಯುತ್ತಿದ್ದರು. ಇಂಥವರು ಸಾವಿರಗಟ್ಟಲೆ ಇದ್ದಾರೆ. ಎಂಸಿಜಿ ಲಯನ್ಸ್‌ಗೆ ಪರದೇಶ ಎನ್ನುವವರು ಇವರನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ.

ಪಂದ್ಯ ಮುಗಿದ ಮೇಲೆ ಅಷ್ಟೂ ಜನ ಕರಗಿಹೋಗುತ್ತಾರೆ. ರೈಲಿನ ಮೇಲೆ ರೈಲು. ಗಾಬಾದಲ್ಲಂತೂ ಪಂದ್ಯದ ಟಿಕೆಟ್ ಇದ್ದರೆ ಬಸ್ಸು, ರೈಲು ಪುಕ್ಕಟೆ. 2025ರ ಜೂನ್ 4ರಂದು ಚಿನ್ನಸ್ವಾಮಿಯ ಹೊರಗೆ ಕಪ್ ನೋಡಲು ಬಂದ 11 ಜನ ಕಾಲ್ತುಳಿತದಲ್ಲಿ ಸತ್ತರು. ಆ ಸುದ್ದಿ ಬಂದಾಗ ಇಲ್ಲಿ ಸಹೋದ್ಯೋಗಿಯೊಬ್ಬಳು, ಅಷ್ಟು ಜನ ಬರುತ್ತಾರೆಂದು ಗೊತ್ತಿರಲಿಲ್ಲವಾ ಎಂದು ಕೇಳಿದಳು. ಗೊತ್ತಿಲ್ಲದೆ ಏನು, ಹದಿನೆಂಟು ವರ್ಷದಿಂದ ಕಾಯುತ್ತಿದ್ದ ಊರದು. ನನಗೆ ಉತ್ತರ ಕೊಡಲು ಆಗಲಿಲ್ಲ.

ಮನೆಯ ಕೋಟೆ ಎಂಬ ಮಾತಿನ ಬಗ್ಗೆ ಇನ್ನೊಂದು ವಿಷಯ. ಗಾಬಾ ಎಂದರೆ ನಮ್ಮವರಿಗೆ ನೆನಪಾಗುವುದು 2021ರ ಜನವರಿ 19. ಆಸ್ಟ್ರೇಲಿಯಾ 1988ರಿಂದ ಅಲ್ಲಿ ಟೆಸ್ಟ್ ಸೋತಿರಲಿಲ್ಲ. ಭಾರತದ ಅರ್ಧ ತಂಡ ಗಾಯಗೊಂಡು ಹೊರಗಿತ್ತು. 328 ರನ್ ಬೆನ್ನಟ್ಟಿ ರಿಷಭ್ ಪಂತ್ ಔಟಾಗದೆ 89 ಹೊಡೆದ. ಆ ತಂಡದಲ್ಲಿದ್ದ ವಾಷಿಂಗ್ಟನ್ ಸುಂದರ್, ನಟರಾಜನ್ ಇಬ್ಬರಿಗೂ ಅದು ಮೊದಲ ಟೆಸ್ಟ್. ಗಾಬಾದ ಕೆಟ್ಟ ದಾಖಲೆ ಅವರ ಹೆಸರಿನಲ್ಲಿ ಇರಲೇ ಇಲ್ಲ. ಮೂರು ವರ್ಷಕ್ಕೆ ವೆಸ್ಟ್ ಇಂಡೀಸ್ ಬಂದು 8 ರನ್‌ನಿಂದ ಮತ್ತೆ ಗೆದ್ದಿತು. 2032ರ ಒಲಿಂಪಿಕ್ಸ್ ಮುಗಿದ ಮೇಲೆ ಗಾಬಾವನ್ನು ಕೆಡವುತ್ತಾರಂತೆ. ವಿಕ್ಟೋರಿಯಾ ಪಾರ್ಕ್‌ನಲ್ಲಿ 63,000 ಜನ ಹಿಡಿಸುವ ಹೊಸ ಸ್ಟೇಡಿಯಂ ಬರುತ್ತದೆ, ಲಯನ್ಸ್ ಅಲ್ಲಿಗೆ ಹೋಗುತ್ತಾರೆ.

ನನ್ನ ಕೈಯಲ್ಲಿ ಅಧಿಕಾರ ಇದ್ದಿದ್ದರೆ ಎರಡು ಕೆಲಸ ಮಾಡುತ್ತಿದ್ದೆ. ಎಎಫ್ಎಲ್‌ನವರಿಗೆ, ಗ್ರ್ಯಾಂಡ್ ಫೈನಲ್ ಎಂಸಿಜಿಯಲ್ಲೇ ಬೇಕಿದ್ದರೆ ಇಟ್ಟುಕೊಳ್ಳಿ, ಆದರೆ ಹೊರ ರಾಜ್ಯದ ಪ್ರತಿ ತಂಡಕ್ಕೂ ವರ್ಷಕ್ಕೆ ಕನಿಷ್ಠ ಮೂರು ಪಂದ್ಯ ಅಲ್ಲಿ ಕೊಡಿ ಎನ್ನುತ್ತಿದ್ದೆ. ನಮ್ಮ ಕ್ರಿಕೆಟ್ ಮಂಡಳಿಗೆ, ಫೈನಲ್ ಎಲ್ಲಿ ಎಂದು ಟೂರ್ನಿಗೆ ಮೊದಲೇ ಹೇಳಿ, ಮಳೆ ಬಂದರೆ ದಿನ ಬದಲಿಸಿ, ಊರು ಬದಲಿಸಬೇಡಿ ಎನ್ನುತ್ತಿದ್ದೆ. ಮೊದಲನೆಯದನ್ನು ನಮ್ಮ ಆಫೀಸಿನ ಮೆಲ್ಬರ್ನ್ ಗೆಳೆಯನಿಗೆ ಹೇಳಿದೆ. ಕಾಲಿಂಗ್‌ವುಡ್ ಅಭಿಮಾನಿ, ಎಂಸಿಜಿಯಲ್ಲೇ ಹುಟ್ಟಿದವನ ಹಾಗೆ ಆಡುತ್ತಾನೆ. ಒಂದು ಕ್ಷಣ ಯೋಚಿಸಿ, "ಮೂರು ಜಾಸ್ತಿ ಆಯಿತು, ಎರಡಾದರೆ ನೋಡೋಣ" ಎಂದ.